ಘಟ್ಟ ಇಳಿದು ಕಡಲ ಅಂಚಿಗೆ: ಹುಬ್ಬಳ್ಳಿಯಿಂದ ಭಟ್ಕಳದವರೆಗೆ ಸೈಕಲ್ ಹೊಡೆಯುವವರಿಗೆ

ಕರಾವಳಿ ಅಂದ ಕೂಡಲೇ ನಮ್ಮ ಕಡೆಯವರ ಕಣ್ಣ ಮುಂದೆ ಬರುವುದು ಸಪಾಟಾದ ಮರಳು, ಅದರ ಪಕ್ಕದಲ್ಲೇ ನೇರ ರಸ್ತೆ. ಘಟ್ಟ ಇಳಿದರೆ ಮುಗಿಯಿತು, ಆಮೇಲೆ ಸಮುದ್ರ ನೋಡುತ್ತಾ ಆರಾಮಾಗಿ ಸೈಕಲ್ ತುಳಿಯಬಹುದು ಅಂತ ಅನ್ನಿಸುತ್ತದೆ, ಅಲ್ವಾ? ಉತ್ತರ ಕನ್ನಡದ ಕರಾವಳಿ ಹಾಗಿಲ್ಲ. ಇಲ್ಲಿ ಸಹ್ಯಾದ್ರಿಯ ಗುಡ್ಡಗಳು ನೀರಿನ ಅಂಚಿನವರೆಗೂ ಬಂದಿವೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಈ ಗುಡ್ಡಗಳ ನಡುವೆ ದಾರಿ ಮಾಡಿಕೊಂಡು ಕಡಲು ಸೇರುತ್ತವೆ. ಹೊಳೆ ಬಂದಲ್ಲಿ ರಸ್ತೆ ನೀರಿನ ಮಟ್ಟಕ್ಕೆ ಇಳಿಯುತ್ತದೆ. ಹೊಳೆ ದಾಟಿದ ಮೇಲೆ ಮುಂದಿನ ಗುಡ್ಡ ಹತ್ತುತ್ತದೆ. ಒಂದೊಂದು ಏರೂ ಚಿಕ್ಕದೇ, ಆದರೆ ದಿನವಿಡೀ ಬರುತ್ತಲೇ ಇರುತ್ತವೆ. ಅದಕ್ಕೇ ಈ ಪ್ರವಾಸಕ್ಕೆ ಕಿಲೋಮೀಟರ್ ಲೆಕ್ಕ ಸಾಲದು, ಏರಿನ ಲೆಕ್ಕ ಬೇಕು.

ಹುಬ್ಬಳ್ಳಿ-ಧಾರವಾಡದವರಿಗೆ ಈ ದಾರಿ ಇನ್ನೊಂದು ರೀತಿಯಲ್ಲೂ ನಮ್ಮದೇ. ಧಾರವಾಡದ ಸೋಮೇಶ್ವರ ಗುಡಿಯ ಹತ್ತಿರ ಹುಟ್ಟುವ ಶಾಲ್ಮಲೆಯ ನೀರು ಕಲಘಟಗಿ ಕಡೆ ಹರಿದು ಬೇಡ್ತಿ ಹೊಳೆ ಸೇರುತ್ತದೆ. ಬೇಡ್ತಿ ಯಲ್ಲಾಪುರದ ಕಾಡಿನ ಮಾಗೋಡಿನಲ್ಲಿ ಸುಮಾರು 200 ಮೀಟರ್ ಕೆಳಗೆ ಧುಮುಕುತ್ತದೆ. ಘಟ್ಟದ ಕೆಳಗೆ ಅದಕ್ಕೆ ಗಂಗಾವಳಿ ಅಂತ ಹೆಸರು. ಅಂಕೋಲಾ ಮತ್ತು ಗೋಕರ್ಣದ ನಡುವೆ ಅದು ಅರಬ್ಬೀ ಸಮುದ್ರ ಸೇರುತ್ತದೆ. ನಾವು ಹಿಡಿಯುವ ರಸ್ತೆಯೂ ಹೆಚ್ಚುಕಡಿಮೆ ಈ ನೀರಿನ ಹಿಂದೆಯೇ ಹೋಗುತ್ತದೆ.

ಮೊದಲು ಏರಿನ ಲೆಕ್ಕ

ನಿಮ್ಮ ತೂಕ, ಸೈಕಲ್, ಸಾಮಾನು ಎಲ್ಲ ಸೇರಿ 100 ಕೆ.ಜಿ. ಅಂದುಕೊಳ್ಳಿ. ಇಷ್ಟು ಭಾರವನ್ನು 100 ಮೀಟರ್ ಎತ್ತರಕ್ಕೆ ಒಯ್ಯಲು ಸುಮಾರು 98,000 ಜೂಲ್ ಶಕ್ತಿ ಬೇಕು. ವಾರಕ್ಕೆ ಒಂದೆರಡು ಸಲ ಸೈಕಲ್ ಹೊಡೆಯುವ ಸಾಮಾನ್ಯ ಮನುಷ್ಯ ಹೆಚ್ಚು ದಣಿಯದೆ ಗಂಟೆಗಟ್ಟಲೆ ಕೊಡಬಲ್ಲದ್ದು 100 ವಾಟ್ ಆಸುಪಾಸು. ಭಾಗಿಸಿ ನೋಡಿ, 980 ಸೆಕೆಂಡ್ ಬರುತ್ತದೆ. ಅಂದರೆ ಪ್ರತಿ 100 ಮೀಟರ್ ಏರಿಗೆ ಕಾಲು ಗಂಟೆ ಜಾಸ್ತಿ ಹಿಡಿಯುತ್ತದೆ.

ಸಾಮಾನು ಹೊತ್ತ ಸೈಕಲ್ ಸಪಾಟು ರಸ್ತೆಯಲ್ಲಿ ಗಂಟೆಗೆ 15 ಕಿ.ಮೀ. ಹೋಗುತ್ತದೆ ಅಂತ ಇಟ್ಟುಕೊಳ್ಳೋಣ. 40 ಕಿ.ಮೀ. ದಾರಿಯಲ್ಲಿ ಒಟ್ಟು 500 ಮೀಟರ್ ಏರು ಇದ್ದರೆ, ಸಪಾಟಿಗೆ 2 ಗಂಟೆ 40 ನಿಮಿಷ, ಏರಿಗೆ ಒಂದೂಕಾಲು ಗಂಟೆ. ಒಟ್ಟು ನಾಲ್ಕು ಗಂಟೆಗೆ ಐದೇ ನಿಮಿಷ ಕಡಿಮೆ. ಚಹಾ, ಊಟ, ಫೋಟೊ, ಪಂಚರ್ ಎಲ್ಲ ಇದರ ಮೇಲೆ. ಇಳುಕಲಿನಲ್ಲಿ ಸಮಯ ವಾಪಸ್ ಸಿಗುತ್ತದೆ ಅಂತ ನಂಬಬೇಡಿ. ತಿರುವು, ಲಾರಿ, ಗುಂಡಿಗಳ ಕಾರಣ ಬ್ರೇಕ್ ಹಿಡಿದೇ ಇಳಿಯಬೇಕಾಗುತ್ತದೆ.

ಸೈಕಲ್ ದಾರಿಯ ಏರಿಳಿತವನ್ನು ಗೆರೆಯಲ್ಲಿ ತೋರಿಸುವ ಆ್ಯಪ್‌ಗಳಿವೆ. ಮನೆಯಲ್ಲಿ ಕೂತು ಒಂದೊಂದು ದಿನದ ದಾರಿಯನ್ನೂ ಅದರಲ್ಲಿ ಹಾಕಿ, ಒಟ್ಟು ಏರು ಎಷ್ಟು ಅಂತ ಬರೆದುಕೊಳ್ಳಿ. ನಕ್ಷೆಯನ್ನು ಫೋನಿಗೆ ಇಳಿಸಿಯೇ ಹೊರಡಿ. ಘಟ್ಟದಲ್ಲಿ ನೆಟ್‌ವರ್ಕ್ ಕೈಕೊಡುತ್ತದೆ.

ಯಾವಾಗ, ಯಾವ ದಿಕ್ಕಿಗೆ

ನವೆಂಬರ್ ನಡುವಿನಿಂದ ಫೆಬ್ರವರಿ ಕೊನೆಯವರೆಗೆ ಒಳ್ಳೆಯ ಕಾಲ. ಮಳೆಗಾಲದಲ್ಲಿ ಬೇಡ. ಕರಾವಳಿಗೆ ವರ್ಷಕ್ಕೆ 3,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ, ಚಹಾ ಅಂಗಡಿ, ಲಾರಿ, ಜನ ಎಲ್ಲ ಗಂಗಾವಳಿಗೆ ಬಿದ್ದದ್ದು ನೆನಪಿರಬೇಕು. ಮಳೆಗಾಲದ ಹಸಿರು ಚಂದ, ನಿಜ. ಅದನ್ನು ಬಸ್ಸಿನಲ್ಲಿ ಕೂತು ನೋಡಿ.

ಡಿಸೆಂಬರ್ ಕೊನೆಯ ವಾರ ಮತ್ತು ಶಿವರಾತ್ರಿಯಲ್ಲಿ ಗೋಕರ್ಣ, ಮುರ್ಡೇಶ್ವರ ತುಂಬಿ ತುಳುಕುತ್ತವೆ. ಆಗ ರೂಮಿಗೆ ದುಬಾರಿ ಬೆಲೆ, ರಸ್ತೆಯಲ್ಲಿ ಕಾರುಗಳ ಸಾಲು. ಅದನ್ನು ತಪ್ಪಿಸಿ.

ದಿಕ್ಕು ಉತ್ತರದಿಂದ ದಕ್ಷಿಣಕ್ಕೆ ಇರಲಿ, ಅಂದರೆ ಅಂಕೋಲಾದಿಂದ ಭಟ್ಕಳದ ಕಡೆಗೆ. ಕಾರಣ ಗಾಳಿ. ಈ ತಿಂಗಳುಗಳಲ್ಲಿ ಬೆಳಗಿನ ಹೊತ್ತು ನೆಲದ ಕಡೆಯಿಂದ ತೆಳುವಾದ ಗಾಳಿ ಇರುತ್ತದೆ. ಬಿಸಿಲು ಏರಿ ನೆಲ ಕಾದ ಮೇಲೆ ಗಾಳಿ ತಿರುಗಿ ಸಮುದ್ರದಿಂದ ಬೀಸುತ್ತದೆ, ಮಧ್ಯಾಹ್ನ ಜೋರಾಗುತ್ತದೆ. ಅದು ಹೆಚ್ಚಾಗಿ ವಾಯವ್ಯದಿಂದ ಬರುವುದರಿಂದ ದಕ್ಷಿಣಕ್ಕೆ ಹೋಗುವವರಿಗೆ ಬೆನ್ನಿಗೆ ಆಸರೆ. ಒಂದೇ ಕೊರತೆ ಅಂದರೆ, ನಾವು ಎಡಗಡೆ ಹೋಗುವುದರಿಂದ ಸಮುದ್ರ ರಸ್ತೆಯ ಆಚೆ ಬದಿಗೆ ಕಾಣುತ್ತದೆ. ನನ್ನ ಮಟ್ಟಿಗೆ ಎದುರುಗಾಳಿಗಿಂತ ಅದು ಎಷ್ಟೋ ಮೇಲು.

ಸೈಕಲ್ ಹೇಗಿರಬೇಕು

ದುಬಾರಿ ಸೈಕಲ್ ಬೇಕಿಲ್ಲ. ಬೇಕಾದದ್ದು ಹಗುರ ಗೇರ್. ಮುಂದಿನ ಅತಿ ಚಿಕ್ಕ ಚಕ್ರದ ಹಲ್ಲುಗಳಿಗಿಂತ ಹಿಂದಿನ ಅತಿ ದೊಡ್ಡ ಚಕ್ರದ ಹಲ್ಲುಗಳು ಜಾಸ್ತಿ ಇರಬೇಕು. ಮುಂದೆ 28, ಹಿಂದೆ 34 ಇದ್ದರೆ ಪೆಡಲ್ ಒಂದು ಸುತ್ತಿಗೆ ಸೈಕಲ್ ಸುಮಾರು 1.8 ಮೀಟರ್ ಮುಂದೆ ಹೋಗುತ್ತದೆ. ನಿಮಿಷಕ್ಕೆ 60 ಸಲ ತುಳಿದರೂ ಗಂಟೆಗೆ ಆರು ಕಿ.ಮೀ. ಚಿಲ್ಲರೆ ವೇಗ ಬರುತ್ತದೆ. ಬಿದ್ದುಹೋಗದೆ, ಮೊಣಕಾಲು ನೋಯದೆ ಏರು ಹತ್ತಲು ಅಷ್ಟು ಸಾಕು. ಗೇರ್ ಇಲ್ಲದ ಸೈಕಲ್ಲಿನಲ್ಲಿ ಹುಬ್ಬಳ್ಳಿಯಿಂದ ಯಲ್ಲಾಪುರಕ್ಕೆ ಹೋಗಬಹುದು, ಆದರೆ ಕರಾವಳಿಯ ಏರುಗಳಲ್ಲಿ ಅರ್ಧ ದಾರಿ ತಳ್ಳಿಕೊಂಡೇ ಹೋಗಬೇಕಾಗುತ್ತದೆ.

ಟಯರ್ 35ರಿಂದ 40 ಮಿಲಿಮೀಟರ್ ಅಗಲ ಇರಲಿ. ತೆಳು ಟಯರ್ ಹೆದ್ದಾರಿಗೆ ಸರಿ, ಆದರೆ ಬಂದರಿನ ರಸ್ತೆ, ಕೆಂಪು ಕಲ್ಲಿನ ದಾರಿಗಳಿಗೆ ಆಗುವುದಿಲ್ಲ. ಟ್ಯೂಬಿನ ವಾಲ್ವ್ ಯಾವುದು ಅಂತ ನೋಡಿಕೊಳ್ಳಿ. ತೆಳ್ಳಗಿನ ಪ್ರೆಸ್ಟಾ ವಾಲ್ವ್ ಆದರೆ ಹಳ್ಳಿಯ ಪಂಚರ್ ಅಂಗಡಿಯ ಗಾಳಿ ಪೈಪು ಹಿಡಿಯುವುದಿಲ್ಲ. ಬೈಕಿನ ವಾಲ್ವ್‌ಗೆ ಹೊಂದಿಸುವ ಚಿಕ್ಕ ಹಿತ್ತಾಳೆ ಅಡಾಪ್ಟರ್ ಒಂದು ಜೇಬಿನಲ್ಲಿರಲಿ. ಚಿಲ್ಲರೆ ಕಾಸಿನ ಸಾಮಾನು, ಆದರೆ ಅದಿಲ್ಲದೆ ಇಡೀ ದಿನ ಹಾಳಾಗಬಹುದು.

ಹೊರಡುವ ಮುಂಚೆ ಬ್ರೇಕ್ ಪ್ಯಾಡ್ ಹೊಸದು ಹಾಕಿಸಿ, ವೈರ್ ನೋಡಿಸಿ, ಚೈನ್ ಎಣ್ಣೆ ಹಾಕಿ. ಹಿಂದಿನ ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ಬೆರಳಿನಿಂದ ಮೀಟಿ ನೋಡಿ. ಸಡಿಲವಾದದ್ದರ ಸದ್ದು ಬೇರೆಯೇ ಬರುತ್ತದೆ. ಸಾಮಾನಿನ ಭಾರ ಬೀಳುವುದು ಹಿಂದಿನ ಚಕ್ರಕ್ಕೇ, ಕಡ್ಡಿ ಮುರಿಯುವುದೂ ಅಲ್ಲೇ. ಅದೇ ಅಳತೆಯ ಎರಡು ಕಡ್ಡಿ ಫ್ರೇಮಿಗೆ ಟೇಪ್ ಸುತ್ತಿ ಇಟ್ಟುಕೊಳ್ಳಿ.

ಸಾಮಾನು ಮತ್ತು ಬುತ್ತಿ

10 ಕೆ.ಜಿ. ಒಳಗೆ ಮುಗಿಸಿ. ಟೆಂಟ್, ಒಲೆ, ಪಾತ್ರೆ ಯಾವುದೂ ಬೇಡ. ಈ ದಾರಿಯಲ್ಲಿ ಪ್ರತಿ ರಾತ್ರಿ ಒಂದು ಊರು ಸಿಗುತ್ತದೆ, ಊರಲ್ಲಿ ಲಾಡ್ಜ್ ಸಿಗುತ್ತದೆ. ಎರಡು ಜೊತೆ ಬಟ್ಟೆ, ಟವೆಲ್, ಲುಂಗಿ ಅಥವಾ ಸಲ್ವಾರ್, ತೆಳು ಜಾಕೆಟ್. ಪಂಚರ್ ಸಾಮಾನು, ಎರಡು ಟ್ಯೂಬ್, ಪಂಪ್, ಅಲೆನ್ ಕೀ, ಚೈನ್ ಜೋಡಿಸುವ ಲಿಂಕ್. ಒಆರ್‌ಎಸ್ ಪೊಟ್ಟಣ, ಬ್ಯಾಂಡೇಜ್, ಆಧಾರ್ ಕಾರ್ಡ್, ಸ್ವಲ್ಪ ನಗದು. ಹಿಂದೆ ಕೆಂಪು ದೀಪ, ಅದು ಹಗಲಲ್ಲೂ ಉರಿಯುತ್ತಿರಲಿ. ಹೆಲ್ಮೆಟ್ ಬಗ್ಗೆ ಚರ್ಚೆಯೇ ಬೇಡ.

ಬೆನ್ನಿಗೆ ಬ್ಯಾಗ್ ಹಾಕಬೇಡಿ. ಭಾರವೆಲ್ಲ ಕ್ಯಾರಿಯರ್‌ನ ಎರಡೂ ಬದಿಗೆ ಸಮನಾಗಿ, ಆದಷ್ಟು ಕೆಳಗೆ ಇರಲಿ. ಕಟ್ಟಲು ಹಳೇ ಸೈಕಲ್ ಟ್ಯೂಬ್ ಕತ್ತರಿಸಿದ ಪಟ್ಟಿಗಿಂತ ಒಳ್ಳೆಯದು ಇಲ್ಲ. ಕಟ್ಟಿದ ಮೇಲೆ ತುದಿಗಳು ಚಕ್ರಕ್ಕೆ ಜೋತು ಬೀಳದಂತೆ ಸಿಕ್ಕಿಸಿ.

ಇನ್ನು ಬುತ್ತಿ. ಈ ವಿಷಯದಲ್ಲಿ ನಮ್ಮ ಸೀಮೆಯವರು ಪುಣ್ಯವಂತರು. ಕಟಕ್ ರೊಟ್ಟಿ ಕೆಡುವುದಿಲ್ಲ, ಭಾರವಿಲ್ಲ. ಜೊತೆಗೆ ಶೇಂಗಾ ಚಟ್ನಿಪುಡಿ. ಶೇಂಗಾ ಉಂಡಿ, ಅಂಟಿನ ಉಂಡಿ ಜೇಬಲ್ಲೇ ಇಟ್ಟುಕೊಂಡು ಏರಿನ ಮಧ್ಯೆ ತಿನ್ನಬಹುದು. ಬೆಲ್ಲ ಮತ್ತು ಎಣ್ಣೆಕಾಳು ಕೊಡುವ ಶಕ್ತಿ ಅಂಗಡಿಯ ಯಾವ ಚಾಕೊಲೇಟ್ ಪಟ್ಟಿಗೂ ಕಡಿಮೆ ಅಲ್ಲ. ಧಾರವಾಡ ಫೇಡೆ ಒಂದು ಪೊಟ್ಟಣ ಜಾಸ್ತಿ ಇರಲಿ. ದಾರಿಯಲ್ಲಿ ನೀರು ಕೊಟ್ಟವರಿಗೆ, ಪಂಚರ್ ತೆಗೆದವರಿಗೆ ಕೈಗಿಡಲು ಅದಕ್ಕಿಂತ ಒಳ್ಳೆಯದು ಏನಿದೆ?

ಒಂದು ತಿಂಗಳ ತಯಾರಿ

ಹುಬ್ಬಳ್ಳಿ-ಧಾರವಾಡದ ನಡುವೆ ಹೋಗಿ ಬಂದರೆ 40 ಕಿ.ಮೀ. ಭಾನುವಾರ ಬೆಳಗ್ಗೆ ಬೇಗ ಹೊರಟು ಇದನ್ನು ಸರಾಗ ಮಾಡಿಕೊಳ್ಳಿ. ಆದರೆ ಇದು ಕಾಲಿಗೆ ಅಭ್ಯಾಸ ಅಷ್ಟೇ, ಏರಿಗೆ ಅಲ್ಲ. ಏರಿಗೆ ಹುಬ್ಬಳ್ಳಿಯವರು ನೃಪತುಂಗ ಬೆಟ್ಟಕ್ಕೆ ಹೋಗಿ. ಒಂದೇ ಸಲ ಜೋರಾಗಿ ಹತ್ತಿ ಬರಬೇಡಿ, ನಿಧಾನಕ್ಕೆ ನಾಲ್ಕೈದು ಸಲ ಹತ್ತಿ ಇಳಿಯಿರಿ. ಕರಾವಳಿಯ ಏರುಗಳ ಸ್ವಭಾವವೇ ಅದು: ಚಿಕ್ಕದು, ಕಡಿದು, ಮತ್ತೆ ಮತ್ತೆ. ಧಾರವಾಡದವರಿಗೆ ಹಳಿಯಾಳ ರಸ್ತೆಯ ಏರಿಳಿತ ಇದೆ. ಗದಗಿನವರಿಗೆ ಕಪ್ಪತಗುಡ್ಡದ ಬುಡದ ರಸ್ತೆಗಳಿವೆ. ಹಾವೇರಿಯವರು ಹಾನಗಲ್ ರಸ್ತೆ ಹಿಡಿದು ತಾರಕೇಶ್ವರ ಗುಡಿಯವರೆಗೆ ಹೋಗಿ ಬರಲಿ.

ಕೊನೆಯ ಎರಡು ವಾರ ಸಾಮಾನು ಕಟ್ಟಿಕೊಂಡೇ ಅಭ್ಯಾಸ ಮಾಡಿ. ಭಾರ ಇದ್ದಾಗ ಸೈಕಲ್ ತಿರುಗುವ ರೀತಿ, ನಿಲ್ಲುವ ರೀತಿ ಎರಡೂ ಬೇರೆ. ಅದು ಘಟ್ಟದಲ್ಲಿ ಮೊದಲ ಸಲ ಗೊತ್ತಾಗಬಾರದು.

ಮೊದಲ ದಿನ: ಹುಬ್ಬಳ್ಳಿಯಿಂದ ಯಲ್ಲಾಪುರ

ಸುಮಾರು 70 ಕಿ.ಮೀ. ಹುಬ್ಬಳ್ಳಿ ಬಿಟ್ಟು ಕಲಘಟಗಿ, ಕಿರವತ್ತಿ ದಾಟಿ ಯಲ್ಲಾಪುರ. ಮೊದಲು ಎರೆಹೊಲ, ಆಮೇಲೆ ಕೆಂಪು ಮಣ್ಣು, ಆಮೇಲೆ ಸಾಗುವಾನಿ ಮತ್ತು ಕಾಡು. ನಿಧಾನವಾಗಿ ಗಾಳಿಯೇ ಬದಲಾಗುವುದು ಮೈಗೆ ಗೊತ್ತಾಗುತ್ತದೆ. ಕಾರಿನಲ್ಲಿ ಹೋಗುವವರಿಗೆ ಇದು ಸಿಗುವುದಿಲ್ಲ.

ಈ ಹೆದ್ದಾರಿಯಲ್ಲಿ ಲಾರಿ ಜಾಸ್ತಿ. ಇದ್ದಷ್ಟು ಎಡಕ್ಕೆ, ಒಬ್ಬರ ಹಿಂದೆ ಒಬ್ಬರು ಹೋಗಿ. ಇಬ್ಬರು ಮೂವರಿಗಿಂತ ಜಾಸ್ತಿ ಜನ ಬೇಡ. ಲಾರಿ ಬೇಡವೇ ಬೇಡ ಅನ್ನುವವರು ಧಾರವಾಡದಿಂದ ಹಳಿಯಾಳ, ಭಾಗವತಿ ಮೂಲಕ ಯಲ್ಲಾಪುರಕ್ಕೆ ಬರಬಹುದು. ಅದು ಸುತ್ತು, ಆದರೆ ಶಾಂತ. ಎರಡೂ ದಾರಿಯಲ್ಲಿ ಕಾಡಿನ ಭಾಗವನ್ನು ಕತ್ತಲಾಗುವ ಮುಂಚೆ ದಾಟಿಬಿಡಿ.

ಒಂದು ದಿನ ಜಾಸ್ತಿ ಇದ್ದವರು ಯಲ್ಲಾಪುರದಲ್ಲೇ ಉಳಿದು ಮಾಗೋಡು ಜಲಪಾತ ಮತ್ತು ಜೇನುಕಲ್ಲು ಗುಡ್ಡಕ್ಕೆ ಹೋಗಿ ಬನ್ನಿ. ನಮ್ಮೂರ ಕಡೆಯ ನೀರು ಎಂಥ ಕಣಿವೆಗೆ ಬೀಳುತ್ತದೆ ಅಂತ ನೋಡಬೇಕು.

ಎರಡನೇ ದಿನ: ಅರಬೈಲ್ ಘಟ್ಟ

ಇಡೀ ಪ್ರವಾಸದಲ್ಲಿ ಅತಿ ಹೆಚ್ಚು ಎಚ್ಚರ ಬೇಕಾದ ದಿನ ಇದು, ಏಕೆಂದರೆ ಇದು ಇಳಿಯುವ ದಿನ. ಏರಿನಲ್ಲಿ ಸುಸ್ತಾಗುತ್ತದೆ ಅಷ್ಟೇ, ಏಟು ಬೀಳುವುದು ಇಳುಕಲಿನಲ್ಲಿ. 2025ರ ಜನವರಿಯಲ್ಲಿ ಸವಣೂರಿನಿಂದ ಕುಮಟಾ ಸಂತೆಗೆ ಹೊರಟಿದ್ದ ಹಣ್ಣು-ತರಕಾರಿ ವ್ಯಾಪಾರಿಗಳ ಲಾರಿ ಇದೇ ರಸ್ತೆಯಲ್ಲಿ ಗುಳ್ಳಾಪುರದ ಹತ್ತಿರ ಉರುಳಿ ಹತ್ತು ಜನ ತೀರಿಕೊಂಡರು. ಅದು ನಡೆದದ್ದು ನಸುಕಿನಲ್ಲಿ. ಆದ್ದರಿಂದ ಕತ್ತಲಲ್ಲಿ, ಮಂಜಿನಲ್ಲಿ ಇಲ್ಲಿ ಇಳಿಯಬೇಡಿ. ಚಳಿಗಾಲದಲ್ಲಿ ಯಲ್ಲಾಪುರದ ಮಂಜು ಕರಗಲು ಕೆಲವೊಮ್ಮೆ ಎಂಟು ಗಂಟೆ ದಾಟುತ್ತದೆ. ತಿಂಡಿ ತಿಂದು, ಬಿಸಿಲು ಬಿದ್ದ ಮೇಲೆ ಹೊರಡಿ.

ಇಡಗುಂದಿ ದಾಟಿ ಘಟ್ಟ ಶುರುವಾಗುವ ಮುಂಚೆ ನಿಲ್ಲಿ. ಎರಡೂ ಬ್ರೇಕ್ ಹಿಡಿದು ಸೈಕಲ್ ಮುಂದೆ ತಳ್ಳಿ ನೋಡಿ. ಸಾಮಾನಿನ ಗಂಟುಗಳನ್ನು ಮತ್ತೊಮ್ಮೆ ಬಿಗಿಯಿರಿ. ನೀರಿನ ಬಾಟಲಿ ತುಂಬಿಸಿ.

ಇಳಿಯುವಾಗ ಬ್ರೇಕನ್ನು ಉದ್ದಕ್ಕೂ ಒತ್ತಿ ಹಿಡಿಯಬೇಡಿ. ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ಪೂರ್ತಿ ಬಿಡಿ, ಮತ್ತೆ ಒತ್ತಿ. ಮುಂದಿನದು, ಹಿಂದಿನದು ಎರಡನ್ನೂ ಬಳಸಿ. ಬಿಡದೆ ಒತ್ತಿದರೆ ರಿಮ್ ಕಾದು ಕಾದು ಒಳಗಿನ ಟ್ಯೂಬ್ ಸಿಡಿಯಬಹುದು. ಡಿಸ್ಕ್ ಬ್ರೇಕ್ ಆದರೆ ಕಾದಾಗ ಹಿಡಿತ ಕಡಿಮೆ ಆಗುತ್ತದೆ. ರಸ್ತೆ ಅಗಲ ಇದ್ದಲ್ಲಿ ಆಗಾಗ ನಿಂತು ತಣಿಸಿ. ಬೇಗ ತಣಿಯಲಿ ಅಂತ ನೀರು ಸುರಿಯಬೇಡಿ, ಡಿಸ್ಕ್ ಮುಟ್ಟಬೇಡಿ.

ತಿರುವಿಗೆ ಬರುವ ಮುಂಚೆಯೇ ವೇಗ ಇಳಿದಿರಬೇಕು, ತಿರುವಿನ ಮಧ್ಯೆ ಅಲ್ಲ. ತಿರುಗುವಾಗ ಹೊರಬದಿಯ ಪೆಡಲ್ ಕೆಳಗಿರಲಿ, ಮೈಭಾರ ಅದರ ಮೇಲಿರಲಿ. ಕಣ್ಣು ಮುಂಚಕ್ರದ ಮೇಲಲ್ಲ, ತಿರುವು ಮುಗಿಯುವ ಜಾಗದ ಮೇಲಿರಲಿ. ಹಿಂದೆ ಲಾರಿ ಬಂದರೆ ಬದಿಗೆ ನಿಂತು ದಾರಿ ಬಿಡಿ. ಮುಂದೆ ಲಾರಿ ನಿಧಾನವಾಗಿ ಇಳಿಯುತ್ತಿದ್ದರೆ ಅದನ್ನು ಹಿಂದೆ ಹಾಕುವ ಆಸೆ ಬೇಡ, ಅದರ ಹೊಗೆ ಕುಡಿಯುವುದೂ ಬೇಡ. ನಿಂತು ಒಂದು ಉಂಡಿ ತಿನ್ನಿ, ಅದು ಹೋಗಲಿ. ಮಂಗಗಳಿಗೆ ಕಾಣುವಂತೆ ಬಾಳೆಹಣ್ಣು ಮಾತ್ರ ಕಟ್ಟಬೇಡಿ.

ಘಟ್ಟದ ಕೆಳಗೆ ಗುಳ್ಳಾಪುರ, ರಾಮನಗುಳಿ, ಸುಂಕಸಾಳ. ಇಲ್ಲಿಂದ ರಸ್ತೆ ಗಂಗಾವಳಿಯ ಸಂಗಡ ಹೋಗುತ್ತದೆ. ಅಡಿಕೆ ತೋಟ, ಹೊಳೆ, ಮತ್ತೆ ಕಾಡು. ಈ ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡ ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಳ ಕಾಲ ಸಸಿ ಬೆಳೆಸಿದವರು. 2020ರ ಪದ್ಮಶ್ರೀ ಅವರಿಗೆ ಬಂತು. ದಾರಿಯುದ್ದಕ್ಕೂ ಸಿಗುವ ನೆರಳಿನಲ್ಲಿ ಅವರಂಥವರ ಕೈಗಳ ಪಾಲಿದೆ.

ಇಲ್ಲೇ ಸೆಕೆ ಶುರು. ನಮ್ಮ ಒಣ ಗಾಳಿಯಲ್ಲಿ ಬೆವರು ಆರುತ್ತದೆ, ಮೈ ತಣ್ಣಗಾಗುತ್ತದೆ. ಕೆಳಗೆ ಬೆವರು ಆರುವುದಿಲ್ಲ, ಸುಮ್ನೆ ಸುರಿಯುತ್ತದೆ. ಬಾಯಾರುವ ಮುಂಚೆಯೇ ಕುಡಿಯಿರಿ. ಬರೀ ನೀರು ಸಾಲದು, ಉಪ್ಪೂ ಹೋಗಿರುತ್ತದೆ. ಉಪ್ಪು ಹಾಕಿದ ಲಿಂಬು ಶರಬತ್ತು, ಮಜ್ಜಿಗೆ, ಮುರುಗಲ (ಕೋಕಂ) ಹಣ್ಣಿನ ಪಾನಕ ಸಿಕ್ಕಲ್ಲಿ ಬಿಡಬೇಡಿ.

ಯಲ್ಲಾಪುರದಿಂದ ಅಂಕೋಲಾಕ್ಕೆ 70 ಕಿ.ಮೀ. ಒಳಗೆ. ಸಂಜೆಗೆ ಆರಾಮಾಗಿ ಮುಟ್ಟುತ್ತೀರಿ. 1930ರಲ್ಲಿ ಉಪ್ಪಿನ ಸತ್ಯಾಗ್ರಹ ನಡೆದ ಊರು ಇದು.

ಮೂರನೇ ದಿನ: ಅಂಕೋಲಾದಿಂದ ಗೋಕರ್ಣ

ಬೇಕೆಂದೇ ಚಿಕ್ಕ ದಿನ ಇಟ್ಟಿದ್ದೇನೆ. ಘಟ್ಟ ಇಳಿದ ಮರುದಿನ ಕೈ, ಭುಜ, ಹೆಬ್ಬೆರಳು ನೋಯುತ್ತಿರುತ್ತವೆ. ಹೆದ್ದಾರಿ 66ರಲ್ಲಿ ದಕ್ಷಿಣಕ್ಕೆ ಹೊರಟು, ಶಿರೂರು ದಾಟಿ, ಗಂಗಾವಳಿ ಸೇತುವೆ ಮೇಲೆ ಬಂದು, ಮಾದನಗೇರಿಯಲ್ಲಿ ಬಲಕ್ಕೆ ತಿರುಗಿ. ಅಲ್ಲಿಂದ ಗೋಕರ್ಣಕ್ಕೆ ಸುಮಾರು 10 ಕಿ.ಮೀ. ಹತ್ತಿರದ ಸಾಣಿಕಟ್ಟಾದಲ್ಲಿ ಉಪ್ಪಿನ ಗದ್ದೆಗಳಿವೆ. ಬಿಸಿಲಿಗೆ ಸಮುದ್ರದ ನೀರು ಆರಿ ಉಪ್ಪು ಕಟ್ಟುವುದನ್ನು ರಸ್ತೆ ಬದಿ ನಿಂತೇ ನೋಡಬಹುದು.

ಮಧ್ಯಾಹ್ನ ಸಾಮಾನು ರೂಮಿನಲ್ಲಿಟ್ಟು ಬರಿ ಸೈಕಲ್ಲಿನಲ್ಲಿ ಓಂ ಬೀಚಿನ ಕಡೆ ಹೋಗಿ. ಆ ಗುಡ್ಡದ ರಸ್ತೆ ಕಡಿದು. ನಾಳೆಯಿಂದ ಸಿಗುವ ಏರುಗಳು ಹೇಗಿರುತ್ತವೆ ಅನ್ನುವುದಕ್ಕೆ ಅದು ಒಳ್ಳೆಯ ಮಾದರಿ. ಗೇರನ್ನು ಏರು ಶುರುವಾಗುವ ಮುಂಚೆಯೇ ಹಗುರ ಮಾಡಿ. ಏರಿನ ಮಧ್ಯೆ ಒತ್ತಿ ತುಳಿಯುತ್ತಾ ಗೇರ್ ಬದಲಿಸಿದರೆ ಚೈನ್ ಕಳಚುತ್ತದೆ, ಕೆಲವೊಮ್ಮೆ ತುಂಡಾಗುತ್ತದೆ. ಕೂತೇ ತುಳಿಯಿರಿ, ಉಸಿರು ಮಾತಾಡುವಷ್ಟು ಉಳಿದಿರಲಿ. ಮಾತು ನಿಂತರೆ ಇಳಿದು ತಳ್ಳಿ. ಅದರಲ್ಲಿ ಯಾವ ಅವಮಾನವೂ ಇಲ್ಲ.

ಸಮುದ್ರಕ್ಕೆ ಇಳಿಯುವ ಮುಂಚೆ ಜೀವರಕ್ಷಕರನ್ನು ಕೇಳಿ. ಗೋಕರ್ಣ, ಮುರ್ಡೇಶ್ವರ ಎರಡೂ ಕಡೆ ನಮ್ಮ ಬಯಲುಸೀಮೆಯ ಹುಡುಗರು ನೀರು ಪಾಲಾಗಿದ್ದಾರೆ. ಕೆರೆಯಲ್ಲಿ ಕಲಿತ ಈಜು ಅಲೆಯ ಸೆಳೆತದಲ್ಲಿ ನಡೆಯುವುದಿಲ್ಲ.

ನಾಲ್ಕನೇ ದಿನ: ತದಡಿಯ ದೋಣಿ ದಾಟಿ ಹೊನ್ನಾವರಕ್ಕೆ

ನನಗೆ ಇಡೀ ದಾರಿಯಲ್ಲಿ ಅತಿ ಇಷ್ಟದ ಭಾಗ ಇದು. ಗೋಕರ್ಣದಿಂದ ಮತ್ತೆ ಹೆದ್ದಾರಿಗೆ ಹೋಗಬೇಕಿಲ್ಲ. ದಕ್ಷಿಣಕ್ಕೆ ಕೆಲವೇ ಕಿ.ಮೀ. ಹೋದರೆ ತದಡಿ ಬಂದರು. ಅಲ್ಲಿ ಅಘನಾಶಿನಿ ಹೊಳೆ ಸಮುದ್ರ ಸೇರುತ್ತದೆ. ಈ ದಡದಲ್ಲಿ ತದಡಿ, ಆ ದಡದಲ್ಲಿ ಅಘನಾಶಿನಿ ಎಂಬ ಊರು. ನಡುವೆ ಜನರನ್ನೂ ದ್ವಿಚಕ್ರ ವಾಹನಗಳನ್ನೂ ದಾಟಿಸುವ ದೋಣಿ. ಅದು ಹೊರಡುವ ಹೊತ್ತನ್ನು ಹಿಂದಿನ ಸಂಜೆಯೇ ಗೋಕರ್ಣದಲ್ಲಿ ವಿಚಾರಿಸಿಟ್ಟುಕೊಳ್ಳಿ.

ದೋಣಿ ಹತ್ತುವಾಗ ಸಾಮಾನು ಬಿಚ್ಚಿ, ಸೈಕಲ್ ಬೇರೆ, ಬ್ಯಾಗ್ ಬೇರೆ ಏರಿಸಿ. ಫೋನು, ದುಡ್ಡು ಪ್ಲಾಸ್ಟಿಕ್ ಚೀಲದಲ್ಲಿ ಇರಲಿ. ದೋಣಿಯಲ್ಲಿ ಸೈಕಲ್ಲನ್ನು ಕೈಯಲ್ಲಿ ಹಿಡಿದು ನಿಲ್ಲಿ, ಸ್ಟ್ಯಾಂಡ್ ನಂಬಬೇಡಿ. ಮೀನು ಬುಟ್ಟಿಯ ಅಕ್ಕಂದಿರಿಗೆ ಜಾಗ ಬಿಡಿ, ಅವರದ್ದು ಕೆಲಸದ ಹೊತ್ತು.

ನೀರಿನ ಅಂಚಿನ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳನ್ನು ನೋಡಿ. ಈ ಹೊಳೆಗೆ ದೊಡ್ಡ ಅಣೆಕಟ್ಟು ಇಲ್ಲ. ಅದಕ್ಕೇ ಸಿಹಿನೀರು, ಉಪ್ಪುನೀರು ಎರಡೂ ಇಲ್ಲಿ ಹಳೆಯ ಕಾಲದಂತೆಯೇ ಕೂಡುತ್ತವೆ. ಬಳಚು ಎಂಬ ಚಿಪ್ಪುಮೀನು ಹೆಕ್ಕುವವರು, ಮೀನು ಹಿಡಿಯುವವರು, ಗಜನಿ ಎಂಬ ಹೊಳೆಯಂಚಿನ ತಗ್ಗು ಗದ್ದೆಯಲ್ಲಿ ಉಪ್ಪುನೀರು ತಡೆಯುವ ಕಗ್ಗ ಭತ್ತ ಬೆಳೆಯುವವರು, ಎಲ್ಲರ ಬದುಕೂ ಇದರ ಮೇಲಿದೆ.

ಆ ದಡದಿಂದ ಕಾಗಾಲ, ಹೊಲನಗದ್ದೆ ಕಡೆಯ ಊರದಾರಿಗಳಲ್ಲಿ ಕುಮಟಾ ಸೇರಿ. ಲಾರಿ ಇಲ್ಲ, ತೆಂಗಿನ ನೆರಳು ಇದೆ, ಏರುಗಳೂ ಇವೆ. ದಾರಿ ಕೇಳುವಾಗ ಒಂದು ಮಾತು. ಬೈಕ್ ಸವಾರರನ್ನು ‘ಮುಂದೆ ಏರು ಉಂಟಾ?’ ಅಂದರೆ ‘ಏನಿಲ್ಲ, ಸೀದಾ ರಸ್ತೆ’ ಅನ್ನುತ್ತಾರೆ. ಅವರದ್ದು ಸುಳ್ಳಲ್ಲ, ಎಂಜಿನ್‌ಗೆ ಅದು ಏರೇ ಅಲ್ಲ. ನಡೆದು ಹೋಗುವ ಅಕ್ಕನನ್ನೋ ಸೈಕಲ್ಲಿನ ಹುಡುಗನನ್ನೋ ಕೇಳಿ. ಎಲ್ಲಿ ಇಳಿದು ತಳ್ಳಬೇಕು ಅಂತಲೂ ಹೇಳುತ್ತಾರೆ.

ದೋಣಿ ಬೇಡ ಅನ್ನುವವರು, ಅಥವಾ ಕೋಟೆ ನೋಡಬೇಕು ಅನ್ನುವವರು ಮಾದನಗೇರಿಗೆ ವಾಪಸಾಗಿ ಹೆದ್ದಾರಿಯಲ್ಲೇ ಮಿರ್ಜಾನಿಗೆ ಹೋಗಬಹುದು. ಕೆಂಪು ಕಲ್ಲಿನ ಆ ಕೋಟೆ ಹೆದ್ದಾರಿಗೆ ಹತ್ತಿರವೇ ಇದೆ. ಪೋರ್ಚುಗೀಸರು ಕರಿಮೆಣಸಿನ ರಾಣಿ ಅಂತ ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಹೆಸರು ಅದರ ಜೊತೆ ಸೇರಿಕೊಂಡಿದೆ.

ಕುಮಟಾದಲ್ಲಿ ಊಟ ಮಾಡಿ. ಮೀನು ತಿನ್ನುವವರಿಗೆ ಹೇಳಬೇಕಿಲ್ಲ. ತಿನ್ನದವರಿಗೆ ಅನ್ನ, ತಂಬುಳಿ ಇದೆ. ಬೇಸಿಗೆಯ ಹೊತ್ತಿಗೆ ಬಂದರೆ ಇಲ್ಲಿಯ ಸಿಹಿ ಈರುಳ್ಳಿಯ ಗೊಂಚಲುಗಳನ್ನು ಹೆದ್ದಾರಿ ಬದಿ ತೂಗುಹಾಕಿರುತ್ತಾರೆ. ಊಟ ಆದ ಮೇಲೆ ಗಾಳಿ ಬೆನ್ನಿಗೆ ಬಂದಿರುತ್ತದೆ. ಧಾರೇಶ್ವರ ದಾಟಿ 20 ಕಿ.ಮೀ. ಹೋದರೆ ಹೊನ್ನಾವರ.

ಐದನೇ ದಿನ: ಶರಾವತಿ ದಾಟಿ ಭಟ್ಕಳಕ್ಕೆ

ಹೊನ್ನಾವರ ಬಿಟ್ಟ ಕೂಡಲೇ ಶರಾವತಿ ಸೇತುವೆ. ಸೇತುವೆ ಮೇಲೆ ಅಡ್ಡಗಾಳಿ ಇರುತ್ತದೆ, ಲಾರಿ ಹಾದಾಗ ಒಮ್ಮೆ ಎಳೆದಂತಾಗುತ್ತದೆ. ಎರಡೂ ಕೈ ಹ್ಯಾಂಡಲ್ ಮೇಲಿರಲಿ, ನಿಂತು ಫೋಟೊ ತೆಗೆಯಬೇಡಿ. ಹೊಳೆಗೆ ಅಡ್ಡಲಾಗಿರುವ ಕೊಂಕಣ ರೈಲ್ವೆಯ ಸೇತುವೆ 2 ಕಿ.ಮೀ.ಗೂ ಉದ್ದ. ಆ ಮಾರ್ಗದಲ್ಲೇ ಅತಿ ಉದ್ದದ್ದು.

ದಾಟಿದರೆ ಕಾಸರಕೋಡು. 2020ರಲ್ಲಿ ಬ್ಲೂ ಫ್ಲ್ಯಾಗ್ ಮನ್ನಣೆ (ಸ್ವಚ್ಛ, ಸುರಕ್ಷಿತ ಬೀಚುಗಳಿಗೆ ಕೊಡುವ ಅಂತರರಾಷ್ಟ್ರೀಯ ಮನ್ನಣೆ) ಪಡೆದ ಬೀಚ್ ಇದು. ಶೌಚಾಲಯ, ಸ್ನಾನದ ವ್ಯವಸ್ಥೆ ಇರುವುದರಿಂದ ನಿಲ್ಲಲು ಒಳ್ಳೆಯ ಜಾಗ. ಅಪ್ಸರಕೊಂಡದ ಏರು ಸ್ವಲ್ಪ ಕಾಡಿಸುತ್ತದೆ, ಆದರೂ ಬಿಡಬೇಡಿ. ಮೇಲೆ ನಿಂತರೆ ಗುಡ್ಡ, ತೆಂಗು, ಅಲೆ ಒಂದರ ಕೆಳಗೊಂದು ಕಾಣುತ್ತವೆ. ಅಲ್ಲಿಂದ ಮಂಕಿ ದಾಟಿ ಮುರ್ಡೇಶ್ವರ. 123 ಅಡಿಯ ಶಿವನ ಮೂರ್ತಿ ದೂರದಿಂದಲೇ ಕಾಣುವುದರಿಂದ ಇನ್ನೆಷ್ಟು ದೂರ ಅಂತ ಕೇಳಬೇಕಾಗಿಲ್ಲ. ಇಲ್ಲೇ ಉಳಿದುಕೊಂಡು ಭಟ್ಕಳದ 15 ಕಿ.ಮೀ. ಮರುದಿನಕ್ಕೆ ಇಟ್ಟುಕೊಂಡರೂ ಸರಿ. ಭಟ್ಕಳದಲ್ಲಿ ಬಿರಿಯಾನಿ ತಿನ್ನುವವರು ಹಸಿದು ಹೋಗಿ.

ವಾಪಸ್ ಬರುವುದು

ಹುಬ್ಬಳ್ಳಿ-ಅಂಕೋಲಾ ರೈಲಿನ ಮಾತು ದಶಕಗಳಿಂದ ನಡೆದಿದೆ, ರೈಲು ಇನ್ನೂ ಬಂದಿಲ್ಲ. ಸುಲಭದ್ದು ಬಸ್ಸು. ಭಟ್ಕಳ, ಹೊನ್ನಾವರ, ಕುಮಟಾದಿಂದ ಹುಬ್ಬಳ್ಳಿಗೆ ವಾಯವ್ಯ ಸಾರಿಗೆಯ ಬಸ್ಸುಗಳಿವೆ. ನಿಲ್ದಾಣಕ್ಕೆ ಬೇಗ ಹೋಗಿ, ಜನ ಕಡಿಮೆ ಇರುವ ಬಸ್ಸು ನೋಡಿ, ಕಂಡಕ್ಟರ್ ಸಾಹೇಬರನ್ನು ಮೊದಲೇ ಕೇಳಿ, ಲಗೇಜ್ ಟಿಕೆಟ್ ತೆಗೆಸಿ. ಎರಡೂ ಚಕ್ರ ಬಿಚ್ಚಿ, ಹ್ಯಾಂಡಲ್ ತಿರುಗಿಸಿ, ಹಳೇ ಬೆಡ್‌ಶೀಟಿನಲ್ಲಿ ಸುತ್ತಿದರೆ ಒಪ್ಪುವುದು ಸುಲಭ. ಗೇರ್ ಇರುವ ಬದಿ ಮೇಲೆ ಬರುವಂತೆ ಮಲಗಿಸಿ. ರೈಲಿನಲ್ಲಾದರೆ ಮಡಗಾಂವಕ್ಕೆ ಹೋಗಿ, ಅಲ್ಲಿಂದ ಲೋಂಡಾ ಮೂಲಕ ಧಾರವಾಡ, ಹುಬ್ಬಳ್ಳಿ. ಆದರೆ ಎರಡೇ ನಿಮಿಷ ನಿಲ್ಲುವ ಸಣ್ಣ ನಿಲ್ದಾಣಗಳಲ್ಲಿ ಸೈಕಲ್ ಏರಿಸುವುದು ಕಷ್ಟ.

ಕಾಲಲ್ಲಿ ಇನ್ನೂ ಕಸುವಿದ್ದವರು ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಬರಬಹುದು. ಅಲ್ಲಿಂದ ಮುಂಡಗೋಡ, ತಡಸ ಮೂಲಕ ಹುಬ್ಬಳ್ಳಿ, ಇಲ್ಲವೇ ಹಾನಗಲ್ ಮೂಲಕ ಹಾವೇರಿ. ಸಮುದ್ರ ಮಟ್ಟದಿಂದ ಶಿರಸಿಗೆ ಹತ್ತುವುದಕ್ಕೆ ಒಂದು ಇಡೀ ದಿನ ಇಡಿ. ಮುಂಚೆ ಹೇಳಿದ ಕಾಲು ಗಂಟೆಯ ಲೆಕ್ಕ ಇಲ್ಲಿ ಸರಿಯಾಗಿ ಬೇಕಾಗುತ್ತದೆ.

ಮನೆಗೆ ಬಂದ ದಿನವೇ ಸೈಕಲ್ಲಿಗೆ ಸಿಹಿನೀರು ಹಾಕಿ ತೊಳೆಯಿರಿ. ಉಪ್ಪುಗಾಳಿ ಚೈನು, ಕಡ್ಡಿಯ ತುದಿ, ಬ್ರೇಕ್ ವೈರು, ಸೀಟಿನ ಕೊಳವೆಯ ಒಳಗೆಲ್ಲ ಕೂತಿರುತ್ತದೆ. ಒರೆಸಿ, ಬಿಸಿಲಿಗೆ ಒಣಗಿಸಿ, ಸೀಟಿನ ಕೊಳವೆ ಹೊರಗೆ ಎಳೆದು ಗ್ರೀಸ್ ಹಚ್ಚಿ, ಚೈನಿಗೆ ಹೊಸ ಎಣ್ಣೆ ಬಿಡಿ. ಬ್ರೇಕ್ ಪ್ಯಾಡ್ ಬಿಚ್ಚಿ ನೋಡಿ, ಅರಬೈಲಿನಲ್ಲಿ ಅದು ಸಾಕಷ್ಟು ಸವೆದಿರುತ್ತದೆ. ಪ್ಯಾಡಿನ ಮೇಲೆ ಸವೆತ ತೋರಿಸುವ ಗೆರೆ ಅಳಿಸಿದ್ದರೆ ಬದಲಿಸಿಬಿಡಿ.